ಸೊಂಟದ ಕೀಲು ಬದಲಾದ ಮೇಲೆ ವ್ಯಾಯಾಮ: ಅವಸರವೂ ಬೇಡ, ಅಂಜಿಕೆಯೂ ಬೇಡ



ಕಳೆದ ವರ್ಷ ಒಂದು ಶುಕ್ರವಾರ ನಾನು ಖುತ್ಬಾದಲ್ಲಿ ಆರೋಗ್ಯದ ಬಗ್ಗೆ ಮಾತನಾಡಿದ್ದೆ. ಶರೀರವು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್, ಅದನ್ನು ಸೋಮಾರಿತನದಿಂದ ಕೆಡಿಸಬಾರದು, ಕಾಯಿಲೆಯ ನೆಪ ಹೇಳಿ ಮೂಲೆಯಲ್ಲಿ ಕೂರಬಾರದು ಎಂದಿದ್ದೆ. ಒಂದು ವಾರ ಕಳೆಯುವುದರೊಳಗೆ ನಮ್ಮ ಜಮಾಅತ್‌ನ ಸಹೋದರರೊಬ್ಬರು ಆಸ್ಪತ್ರೆ ಸೇರಿದರೆಂಬ ಸುದ್ದಿ ಬಂತು. ಅವರಿಗೆ ನಲವತ್ತೈದರ ಆಸುಪಾಸು. ಗ್ಯಾರೇಜ್ ಇಟ್ಟಿದ್ದಾರೆ. ಹುಡುಗನಾಗಿದ್ದಾಗಿನಿಂದ ಜಿಮ್‌ಗೆ ಹೋಗುವ ಅಭ್ಯಾಸ. ಏಳು ವಾರಗಳ ಹಿಂದಷ್ಟೇ ಅವರ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗಿತ್ತು.

ನೋಡಲು ಹೋದೆ. ಹಾಸಿಗೆಯಲ್ಲಿ ಮಲಗಿದ್ದವರು ನನ್ನ ಕೈ ಹಿಡಿದು, "ಹಝ್ರತ್, ನಿಮ್ಮ ಖುತ್ಬಾ ಕೇಳಿ ಹುರುಪು ಬಂತು. ಮಾರನೇ ದಿನವೇ ಜಿಮ್‌ಗೆ ಹೋದೆ" ಎಂದರು. ಅವರು ಹೆಚ್ಚು ಭಾರ ಎತ್ತಿರಲಿಲ್ಲ. ತಗ್ಗಾದ ಬೆಂಚಿನ ಮೇಲೆ ಕುಳಿತು, ಕಾಲಿನ ಪಕ್ಕದಲ್ಲಿದ್ದ ಐದು ಕಿಲೋ ಡಂಬೆಲ್ ತೆಗೆದುಕೊಳ್ಳಲು ಮುಂದಕ್ಕೆ ಬಾಗಿದ್ದರು, ಅಷ್ಟೇ. ಒಳಗೆ ಟಕ್ ಎಂದಿತು. ಕಾಲು ತಿರುಚಿಕೊಂಡು ನಿಂತಿತು. ಕೀಲಿನ ಗುಂಡು ಬಟ್ಟಲಿನಿಂದ ಹೊರಕ್ಕೆ ಜಾರಿತ್ತು. ಮತ್ತೆ ಅರಿವಳಿಕೆ ಕೊಟ್ಟು ಅದನ್ನು ಕೂರಿಸಬೇಕಾಯಿತು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ತಪ್ಪಲ್ಲ. ಆದರೆ ಅರ್ಧ ಹೇಳಿದ್ದೆ. ಉಳಿದ ಅರ್ಧ ನನಗೇ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪು ನಡೆದಿತ್ತು. ನನ್ನ ಅಮ್ಮಿ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡರು. ಕೀಲು ಬದಲಿಸಲಾಯಿತು. ಮನೆಗೆ ಬಂದ ಮೇಲೆ ಮಕ್ಕಳು, ಸೊಸೆಯಂದಿರು ಎಲ್ಲರೂ ಖಿದ್ಮತ್‌ಗೆ ನಿಂತೆವು. ನೀರು ಬೇಕೆಂದರೆ ಬಾಯಿಯ ಹತ್ತಿರ, ಊಟ ಮಂಚದ ಮೇಲೆ. ಎದ್ದರೆ "ಬೇಡ ಅಮ್ಮಿ, ಬೀಳ್ತೀರಿ" ಎಂದು ಮತ್ತೆ ಕೂರಿಸುತ್ತಿದ್ದೆವು. ಮೂರು ತಿಂಗಳಲ್ಲಿ ಅವರ ತೊಡೆ ಕಡ್ಡಿಯಂತಾಯಿತು. ಒಂದು ದಿನ ಅಮ್ಮಿ ಹೇಳಿದರು: "ಬೇಟಾ, ಬಿದ್ದಾಗ ಒಂದು ಕಾಲು ಮಾತ್ರ ಹೋಗಿತ್ತು. ಎರಡನೆಯದನ್ನು ನೀವೆಲ್ಲ ಸೇರಿ ಕಿತ್ತುಕೊಂಡಿರಿ."

ಒಬ್ಬರು ಅವಸರದಿಂದ ಕೆಟ್ಟರು, ಇನ್ನೊಬ್ಬರನ್ನು ನಾವೇ ಅಂಜಿಕೆಯಿಂದ ಕೆಡಿಸಿದೆವು. ಇವೆರಡರ ನಡುವಿನ ದಾರಿ ಯಾವುದೆಂದು ತಿಳಿಯಲು ನಾನು ಆಪರೇಷನ್ ಮಾಡಿದ ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಹಲವು ಬಾರಿ ಭೇಟಿಯಾದೆ, ಓದಿದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ವೈದ್ಯರ ಸಲಹೆಯ ಬದಲಿಗೆ ಅಲ್ಲ. ವೈದ್ಯರ ಬಳಿ ಹೋಗಿ ಏನು ಕೇಳಬೇಕು ಎಂದು ತಿಳಿಯುವುದಕ್ಕಾಗಿ.

ಒಳಗೆ ಏನು ಬದಲಾಗಿದೆ?

ಸೊಂಟದ ಕೀಲು ಎಂದರೆ ಒಂದು ಬಟ್ಟಲು ಮತ್ತು ಒಂದು ಗುಂಡು. ಬಟ್ಟಲು ಸೊಂಟದ ಮೂಳೆಯಲ್ಲಿದೆ, ಗುಂಡು ತೊಡೆಮೂಳೆಯ ತುದಿಯಲ್ಲಿದೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಪದರವಿರುತ್ತದೆ. ವಯಸ್ಸಿನಿಂದ ಈ ಪದರ ಸವೆಯಬಹುದು. ಸಂಧಿವಾತದಿಂದ ಕೆಡಬಹುದು. ಬಿದ್ದು ಮೂಳೆ ಮುರಿಯಬಹುದು. ಕೆಲವರಲ್ಲಿ ಗುಂಡಿಗೆ ರಕ್ತ ಪೂರೈಕೆ ನಿಂತು ಅದು ಒಳಗೊಳಗೇ ಕುಸಿಯುತ್ತದೆ. ನಮ್ಮ ದೇಶದಲ್ಲಿ ಮೂವತ್ತು, ನಲವತ್ತರ ವಯಸ್ಸಿನವರು ಈ ಆಪರೇಷನ್‌ಗೆ ಬರಲು ದೊಡ್ಡ ಕಾರಣಗಳಲ್ಲಿ ಇದೂ ಒಂದು. ಹೆಚ್ಚು ದಿನ ಸ್ಟೀರಾಯ್ಡ್ ಔಷಧ ತೆಗೆದುಕೊಂಡವರಲ್ಲಿ, ಮದ್ಯಪಾನ ಮಾಡುವವರಲ್ಲಿ ಇದು ಹೆಚ್ಚು. ಆದ್ದರಿಂದ ನೋವಿಗೆಂದು ಚೀಟಿಯಿಲ್ಲದೆ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಆಪರೇಷನ್‌ನಲ್ಲಿ ಕೆಟ್ಟ ಗುಂಡನ್ನು ತೆಗೆದು, ತೊಡೆಮೂಳೆಯೊಳಗೆ ಲೋಹದ ಕಾಂಡವನ್ನು ಇಳಿಸಿ, ಅದರ ತುದಿಗೆ ಲೋಹ ಅಥವಾ ಸೆರಾಮಿಕ್ ಗುಂಡನ್ನು ಕೂರಿಸುತ್ತಾರೆ. ಸೊಂಟದ ಕಡೆ ಹೊಸ ಬಟ್ಟಲನ್ನು ಇಡುತ್ತಾರೆ. ಇಂದಿನ ರೂಪಕ್ಕೆ ಈ ಆಪರೇಷನ್ ಬಂದದ್ದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಸರ್ಜನ್ ಜಾನ್ ಚಾರ್ನ್ಲಿ ಅವರಿಂದ. ಅವರು ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದರು. ನಮ್ಮ ಅಡುಗೆಮನೆಯ ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ವಸ್ತುವೇ ಅದು. ಜಾರುವುದಕ್ಕೆ ಒಳ್ಳೆಯದು, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಅವರು ಸೋಲನ್ನು ಒಪ್ಪಿಕೊಂಡು, 1962ರಲ್ಲಿ ಗಟ್ಟಿಯಾದ ಪಾಲಿಥೀನ್ ಬಟ್ಟಲಿಗೆ ಬದಲಾದರು. ಅಲ್ಲಿಂದ ಈ ಆಪರೇಷನ್ ಲೋಕವ್ಯಾಪಿಯಾಯಿತು.

ಹೊಸ ಕೀಲು ಎಷ್ಟು ವರ್ಷ ಬಾಳುತ್ತದೆ? 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಂತೆ, 100ರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳಿವೆ. ಅರ್ಥಾತ್ ಎಪ್ಪತ್ತರಲ್ಲಿ ಕೀಲು ಹಾಕಿಸಿಕೊಂಡವರಿಗೆ ಹೆಚ್ಚಾಗಿ ಒಂದೇ ಸಾಕು. ನಲವತ್ತರಲ್ಲಿ ಹಾಕಿಸಿಕೊಂಡವರು ಅದನ್ನು ಜೋಪಾನ ಮಾಡಬೇಕು.

ಭಾರ ಎಲ್ಲಿಂದ ಬರುತ್ತದೆ?

ಎಪ್ಪತ್ತು ಕಿಲೋ ತೂಕದ ಮನುಷ್ಯ ನಡೆಯುವಾಗ ಅವನ ಸೊಂಟದ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ? ಎಪ್ಪತ್ತು ಕಿಲೋ ಎಂದು ನಾನು ಭಾವಿಸಿದ್ದೆ. ಅಲ್ಲ. ತೂಕದ ಎರಡೂವರೆಯಿಂದ ಮೂರು ಪಟ್ಟು, ಅಂದರೆ ಇನ್ನೂರು ಕಿಲೋದ ಹತ್ತಿರ.

ಇದು ಹೇಗೆಂದು ತಕ್ಕಡಿಯನ್ನು ನೆನೆಸಿಕೊಂಡರೆ ತಿಳಿಯುತ್ತದೆ. ಹೆಜ್ಜೆ ಹಾಕುವಾಗ ಒಂದು ಕಾಲು ಮೇಲಿರುತ್ತದೆ, ಇಡೀ ಶರೀರ ಇನ್ನೊಂದು ಕಾಲಿನ ಕೀಲಿನ ಮೇಲೆ ತೂಗುತ್ತದೆ. ಶರೀರ ಒಂದು ಕಡೆಗೆ ವಾಲದಂತೆ ಸೊಂಟದ ಹೊರಪಕ್ಕದ ಸ್ನಾಯುಗಳು ಎಳೆದು ಹಿಡಿಯುತ್ತವೆ. ತಕ್ಕಡಿಯ ಒಂದು ಕಡ್ಡಿ ಉದ್ದ, ಇನ್ನೊಂದು ಗಿಡ್ಡ. ಗಿಡ್ಡ ಕಡ್ಡಿಯ ಕಡೆ ಇರುವ ಸ್ನಾಯು ತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕು. ಶರೀರದ ತೂಕ ಮತ್ತು ಈ ಎಳೆತ ಎರಡೂ ಕೀಲಿನ ಮೇಲೆ ಬೀಳುತ್ತವೆ.

ಇದರಿಂದ ಮೂರು ಮಾತು ತಿಳಿಯುತ್ತವೆ. ಮೊದಲನೆಯದು, ಕೋಲನ್ನು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲಗಾಲು ಆಗಿದ್ದರೆ ಎಡಗೈಯಲ್ಲಿ. ಆಗ ಕೋಲು ತಕ್ಕಡಿಯ ಉದ್ದ ಕಡ್ಡಿಯನ್ನು ಎತ್ತಿ ಹಿಡಿಯುತ್ತದೆ, ಸ್ನಾಯುವಿನ ಕೆಲಸ ಇಳಿಯುತ್ತದೆ. ನಮ್ಮಲ್ಲಿ ಹಲವರು ನೋವಿರುವ ಕಡೆಯ ಕೈಯಲ್ಲೇ ಕೋಲು ಹಿಡಿಯುತ್ತಾರೆ. ಎರಡನೆಯದು, ಐದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಕೀಲಿನ ಮೇಲೆ ಹನ್ನೆರಡರಿಂದ ಹದಿನೈದು ಕಿಲೋ ಇಳಿಯುತ್ತದೆ. ಮೂರನೆಯದು, ಓಡಿದರೆ ಈ ಭಾರ ತೂಕದ ನಾಲ್ಕೈದು ಪಟ್ಟಾಗುತ್ತದೆ, ಎಡವಿ ಮುಗ್ಗರಿಸಿದರೆ ಎಂಟು ಪಟ್ಟಿನವರೆಗೂ ಹೋಗಬಹುದು. ಆದ್ದರಿಂದ ಜಿಮ್‌ನ ಕಬ್ಬಿಣಕ್ಕಿಂತ ಮನೆಯ ಒದ್ದೆ ನೆಲ, ಮಡಚಿಕೊಂಡ ಚಾಪೆ, ದಾರಿಯಲ್ಲಿ ಬಿದ್ದಿರುವ ಮಕ್ಕಳ ಆಟಿಕೆ ಹೆಚ್ಚು ಅಪಾಯಕಾರಿ.

ಕೀಲು ಯಾಕೆ ಜಾರುತ್ತದೆ?

ಹುಟ್ಟಿನಿಂದ ಬಂದ ಕೀಲಿನ ಸುತ್ತ ಗಟ್ಟಿಯಾದ ಒಂದು ಚೀಲವಿರುತ್ತದೆ, ಅದರ ಮೇಲೆ ಸ್ನಾಯುಗಳು. ಆಪರೇಷನ್ ಮಾಡಲು ಇವುಗಳನ್ನು ಕೊಯ್ದು ಅಥವಾ ಸರಿಸಿ ಒಳಗೆ ಹೋಗಬೇಕು. ಆ ಗಾಯ ಒಳಗಿನಿಂದ ಕೂಡಿ ಗಟ್ಟಿಯಾಗಲು ಆರರಿಂದ ಹನ್ನೆರಡು ವಾರ ಬೇಕು. ಸಿಮೆಂಟ್ ಹಾಕದೆ ಕೂರಿಸಿದ ಕೀಲಾದರೆ, ಮೂಳೆ ಬೆಳೆದು ಲೋಹವನ್ನು ಹಿಡಿದುಕೊಳ್ಳಲೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಹೊರಗಿನ ಹೊಲಿಗೆ ಎರಡು ವಾರದಲ್ಲಿ ಬಿಚ್ಚುತ್ತಾರೆ. ನೋವೂ ಬೇಗ ಇಳಿಯುತ್ತದೆ. ನಮ್ಮ ಗ್ಯಾರೇಜಿನ ಸಹೋದರರಿಗೆ ಮೋಸವಾದದ್ದು ಇಲ್ಲೇ. ನೋವಿಲ್ಲ ಎಂದರೆ ವಾಸಿಯಾಯಿತು ಎಂದುಕೊಂಡರು.

ಸೊಂಟದ ಹಿಂಭಾಗದಿಂದ ಮಾಡಿದ ಆಪರೇಷನ್ ಆದರೆ ಮೂರು ಚಲನೆಗಳು ಅಪಾಯ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸುವುದು, ಅಂದರೆ ಕುಳಿತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರುವುದು. ಕಾಲ ಮೇಲೆ ಕಾಲು ಹಾಕುವುದು. ಪಾದವನ್ನು ಒಳಕ್ಕೆ ತಿರುಗಿಸುವುದು. ತಗ್ಗು ಬೆಂಚಿನ ಮೇಲೆ ಕುಳಿತು ನೆಲದ ಡಂಬೆಲ್‌ಗೆ ಬಾಗಿದಾಗ ಇವುಗಳಲ್ಲಿ ಎರಡು ಒಟ್ಟಿಗೆ ನಡೆದವು. ಮುಂಭಾಗದಿಂದ ಮಾಡಿದ ಆಪರೇಷನ್ ಆದರೆ ಅಪಾಯ ಬೇರೆ: ಕಾಲನ್ನು ಹಿಂದಕ್ಕೆ ಚಾಚಿ ಪಾದವನ್ನು ಹೊರಕ್ಕೆ ತಿರುಗಿಸುವುದು. ಆದ್ದರಿಂದ ನೆರೆಮನೆಯವರಿಗೆ ಹೇಳಿದ ಪಥ್ಯ ನಿಮಗೆ ಸರಿಹೊಂದದೆ ಇರಬಹುದು.

ಆಸ್ಪತ್ರೆಯಿಂದ ಹೊರಡುವ ಮುನ್ನ ಸರ್ಜನ್ ಅವರಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಯಾವ ಕಡೆಯಿಂದ ಆಪರೇಷನ್ ಮಾಡಿದ್ದೀರಿ? ಕಾಲಿನ ಮೇಲೆ ಪೂರ್ತಿ ತೂಕ ಹಾಕಬಹುದೇ? ಯಾವ ಭಂಗಿ ಎಷ್ಟು ವಾರ ಬೇಡ? ನೆಲದ ಮೇಲೆ ಸುಜೂದ್ ಮಾಡಲು, ಜಿಮ್‌ಗೆ ಹೋಗಲು ಯಾವಾಗ ಅನುಮತಿ? ಕೇಳಲು ಸಂಕೋಚ ಬೇಡ. ನಮಾಝ್ ಹೇಗಿರುತ್ತದೆಂದು ವೈದ್ಯರಿಗೆ ತಿಳಿಯದಿದ್ದರೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ.

ಮೊದಲ ಆರು ವಾರ: ನಡಿಗೆಯೇ ಜಿಮ್

ಈಗಿನ ಪದ್ಧತಿಯಲ್ಲಿ ಆಪರೇಷನ್ ಆದ ದಿನ ಅಥವಾ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಇದು ಕ್ರೂರತನವಲ್ಲ. ಮಲಗಿದಷ್ಟೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು.

ಈ ಹಂತದ ವ್ಯಾಯಾಮಗಳು ನೋಡಲು ಚಿಕ್ಕವು. ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ತೊಡೆಯ ಸ್ನಾಯುವನ್ನು ಬಿಗಿ ಮಾಡಿ ಐದು ಎಣಿಸಿ ಬಿಡುವುದು. ಪೃಷ್ಠದ ಸ್ನಾಯುವನ್ನು ಹಾಗೆಯೇ ಬಿಗಿ ಮಾಡುವುದು. ಕೆಲವು ದಿನಗಳ ನಂತರ ಅಡುಗೆಮನೆಯ ಕಟ್ಟೆ ಹಿಡಿದು ನಿಂತು, ಕಾಲನ್ನು ನಿಧಾನವಾಗಿ ಪಕ್ಕಕ್ಕೆ ಎತ್ತಿ ಇಳಿಸುವುದು. ಫಿಸಿಯೋಥೆರಪಿಸ್ಟ್ ಹೇಳಿದಷ್ಟು ಸಲ, ದಿನಕ್ಕೆ ಎರಡು ಮೂರು ಬಾರಿ. ಹೆಚ್ಚಿನ ಜಿಲ್ಲಾ ಆಸ್ಪತ್ರೆಗಳಲ್ಲೂ ಮೆಡಿಕಲ್ ಕಾಲೇಜುಗಳಲ್ಲೂ ಫಿಸಿಯೋಥೆರಪಿ ವಿಭಾಗವಿರುತ್ತದೆ. ಹಣದ ಅಡಚಣೆ ಇರುವವರು ಅಲ್ಲಿ ವಿಚಾರಿಸಲಿ.

ನಡಿಗೆಯನ್ನು ದೂರದಿಂದಲ್ಲ, ಗಡಿಯಾರದಿಂದ ಅಳೆಯಿರಿ. ದಿನಕ್ಕೆ ಒಂದೇ ಸಲ ಅರ್ಧ ಗಂಟೆ ಬೇಡ. ಐದೈದು ನಿಮಿಷ, ಹಲವು ಸಲ. ಐದು ಹೊತ್ತಿನ ನಮಾಝ್‌ನ ನಂತರ ಒಂದೊಂದು ಸುತ್ತು ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಅಮ್ಮಿಗೆ ನಾವು ಕೊನೆಗೆ ಹೀಗೆಯೇ ಮಾಡಿದೆವು. ಮೆಟ್ಟಿಲಿನ ನಿಯಮ ಇಷ್ಟೇ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮನೆಯಲ್ಲಿ ನೆಲದ ಮೇಲೆ ಕೂರುವ ಪಾಯಿಖಾನೆ ಇದ್ದರೆ ಕಮೋಡ್ ವ್ಯವಸ್ಥೆ ಮಾಡಿ. ಕಮೋಡ್ ತಗ್ಗಾಗಿದ್ದರೆ ಮೇಲೆ ಇಡುವ ಎತ್ತರದ ಸೀಟು ಸಿಗುತ್ತದೆ. ತಗ್ಗಾದ ಸೋಫಾ, ದೀವಾನ್ ಎರಡೂ ಬೇಡ.

ಆರರಿಂದ ಹನ್ನೆರಡು ವಾರ: ಜಿಮ್‌ನ ಬಾಗಿಲಿನವರೆಗೆ

ಆರನೇ ವಾರದ ಹೊತ್ತಿಗೆ ಸರ್ಜನ್ ಪರೀಕ್ಷೆ ಮಾಡಿ ಎಕ್ಸ್‌ರೇ ನೋಡುತ್ತಾರೆ. ಅವರು ಒಪ್ಪಿದ ಮೇಲೆ ನಿಂತ ಸೈಕಲ್ ತುಳಿಯಬಹುದು. ಸೀಟು ಎತ್ತರದಲ್ಲಿರಲಿ, ಪೆಡಲ್ ಮೇಲೆ ಬಂದಾಗ ಮಂಡಿ ಸೊಂಟಕ್ಕಿಂತ ಕೆಳಗೇ ಇರಬೇಕು. ಬಿಗಿ ಇಲ್ಲದೆ ಹತ್ತು ನಿಮಿಷ ಸಾಕು. ಸೈಕಲ್ ತುಳಿಯುವಾಗ ಕೀಲಿನ ಮೇಲೆ ಬೀಳುವ ಭಾರ ನಡಿಗೆಗಿಂತ ಕಡಿಮೆ. ಗಾಯ ಪೂರ್ತಿ ಒಣಗಿದ್ದರೆ ನೀರಿನಲ್ಲಿ ನಡೆಯುವುದೂ ಒಳ್ಳೆಯದು. ಟ್ರೆಡ್‌ಮಿಲ್ ಸಮತಟ್ಟಾಗಿಟ್ಟು, ಕೈಹಿಡಿ ಹಿಡಿದು ನಡೆಯಬಹುದು, ಓಡಬಾರದು.

ಈ ಹಂತದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕುಂಟು. ಕನ್ನಡಿಯ ಮುಂದೆ ಆಪರೇಷನ್ ಆದ ಕಾಲಿನ ಮೇಲೆ ನಿಂತು, ಪಕ್ಕದಲ್ಲಿ ಹಿಡಿಕೆ ಇರುವಾಗ, ಇನ್ನೊಂದು ಕಾಲನ್ನು ಸ್ವಲ್ಪ ಎತ್ತಿ. ಎತ್ತಿದ ಕಡೆಯ ಸೊಂಟ ಕೆಳಕ್ಕೆ ಬಿದ್ದರೆ ಹೊರಪಕ್ಕದ ಸ್ನಾಯು ಇನ್ನೂ ದುರ್ಬಲವಾಗಿದೆ ಎಂದರ್ಥ. ಕುಂಟು ಇರುವಾಗ ಭಾರ ಎತ್ತುವುದು ಅಡಿಪಾಯ ಒಣಗುವ ಮುನ್ನ ಎರಡನೇ ಮಹಡಿ ಕಟ್ಟಿದಂತೆ.

ಮೂರು ತಿಂಗಳ ನಂತರ: ಜಿಮ್‌ನ ಒಳಗೆ

ಅನುಮತಿ ಸಿಕ್ಕಿದ ಮೇಲೆ ಮೊದಲ ಕೆಲಸ ಟ್ರೈನರ್‌ಗೆ ಹೇಳುವುದು. ಬಹಳ ಗಂಡಸರು ಇದನ್ನು ಮುಚ್ಚಿಡುತ್ತಾರೆ. ಹುಡುಗರ ಮುಂದೆ ಮರ್ಯಾದೆ ಹೋಗುತ್ತದೆ ಎಂಬ ಸಂಕೋಚ. ಟ್ರೈನರ್‌ಗೆ ಗೊತ್ತಿಲ್ಲದಿದ್ದರೆ ಅವನು ಎಲ್ಲರಿಗೂ ಮಾಡಿಸುವುದನ್ನೇ ನಿಮಗೂ ಮಾಡಿಸುತ್ತಾನೆ. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಚೀಟಿ ಅವನ ಕೈಗೆ ಕೊಡಿ.

ಮೊದಲ ತಿಂಗಳು ಸೈಕಲ್ ಮತ್ತು ಲಘು ವ್ಯಾಯಾಮ. ಬೆನ್ನಿನ ಮೇಲೆ ಮಲಗಿ ಮಂಡಿ ಮಡಚಿ ಸೊಂಟವನ್ನು ಎತ್ತುವುದು. ರಬ್ಬರ್ ಪಟ್ಟಿ ಕಟ್ಟಿಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುವುದು. ತಗ್ಗು ಮೆಟ್ಟಿಲು ಹತ್ತಿ ಇಳಿಯುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಲೆಗ್ ಪ್ರೆಸ್ ಮಾಡುವುದಾದರೆ ಸೀಟನ್ನು ಹಿಂದಕ್ಕೆ ಸರಿಸಿ, ಮಂಡಿ ಎದೆಯ ಕಡೆಗೆ ಬರದಂತೆ, ಅತಿ ಕಡಿಮೆ ಭಾರದಿಂದ. ಎದೆ, ಭುಜ, ಕೈಗಳ ವ್ಯಾಯಾಮಕ್ಕೆ ಅಡ್ಡಿಯಿಲ್ಲ, ಆದರೆ ತಗ್ಗು ಬೆಂಚು ಬೇಡ. ಡಂಬೆಲ್ ನೆಲದಲ್ಲಿ ಇಡಬೇಡಿ. ಸೊಂಟದೆತ್ತರದ ಸ್ಟ್ಯಾಂಡ್‌ನಿಂದ ತೆಗೆದುಕೊಳ್ಳಿ, ಅಲ್ಲಿಗೇ ಇಡಿ. ಶೂ ಲೇಸ್ ಕಟ್ಟಲು ಬಾಗಬೇಕಾಗದಂಥ ಶೂ ಧರಿಸಿ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು. ಬಿಪಿ, ಹೃದಯದ ತೊಂದರೆ ಇರುವವರಿಗೆ ಇದು ಇನ್ನೂ ಮುಖ್ಯ.

ಭಾರವನ್ನು ಯಾವಾಗ ಏರಿಸಬೇಕು? ಫಿಸಿಯೋಥೆರಪಿಸ್ಟ್ ನನಗೆ ಸರಳವಾದ ಅಳತೆ ಹೇಳಿದರು: "ಸರ್, ಜಿಮ್‌ನಲ್ಲಿ ಇರುವಾಗ ಕಾಲನ್ನು ಕೇಳಬೇಡಿ, ಮಾರನೇ ಬೆಳಿಗ್ಗೆ ಕೇಳಿ." ಸ್ನಾಯುವಿನ ಬಳಲಿಕೆ ಸಹಜ. ಆದರೆ ಮಾರನೇ ಬೆಳಿಗ್ಗೆ ಫಜ್ರ್‌ಗೆ ಏಳುವಾಗ ತೊಡೆಸಂದಿಯಲ್ಲಿ ನೋವು, ಊತ ಅಥವಾ ಕುಂಟು ಕಂಡರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ. ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ತೊಂದರೆಯಿಲ್ಲದೆ ಎರಡು ವಾರ ಕಳೆದರೆ ಸ್ವಲ್ಪ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ: ಭಾರ ಏರಿಸಿದ ವಾರ ಸಮಯ ಏರಿಸಬಾರದು.

ಶಕ್ತಿ ಪೂರ್ತಿಯಾಗಿ ಮರಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆ ನಂತರವೂ ಕೆಲವು ವಿಷಯಗಳನ್ನು ಬಿಡುವುದೇ ಒಳ್ಳೆಯದು ಎಂದು ಬಹುತೇಕ ವೈದ್ಯರು ಹೇಳುತ್ತಾರೆ: ಭಾರ ಹೊತ್ತು ಪೂರ್ತಿ ಕೂರುವ ಬೈಠಕ್, ತನ್ನ ಮಿತಿಯ ಕೊನೆಯ ಭಾರ ಎತ್ತುವ ಹುಚ್ಚು, ಪೆಟ್ಟಿಗೆಯ ಮೇಲೆ ಹಾರುವುದು, ಕುಸ್ತಿ, ಕಬಡ್ಡಿ, ಫುಟ್‌ಬಾಲ್. ನಡಿಗೆ, ಸೈಕಲ್, ಈಜು, ಮಿತವಾದ ಭಾರ ಇವು ಜೀವನಪರ್ಯಂತ ಇರಲಿ. ದಾವಣಗೆರೆ ಕಡೆಯ ಗರಡಿ ಮನೆಗಳಲ್ಲಿ ಬೆಳೆದವರಿಗೆ ಬೈಠಕ್ ಬಿಡುವುದು ಕಷ್ಟವೆಂದು ನನಗೆ ಗೊತ್ತು. ಆದರೂ ಬಿಡಿ.

ಕೆಲವು ಹುಡುಗರು ಟೆನಿಸ್ ಆಟಗಾರ ಆಂಡಿ ಮರ್ರೆಯ ಉದಾಹರಣೆ ಕೊಡುತ್ತಾರೆ. 2019ರ ಜನವರಿಯಲ್ಲಿ ಸೊಂಟದ ಆಪರೇಷನ್ ಮಾಡಿಸಿಕೊಂಡು ಅದೇ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಶಸ್ತಿ ಗೆದ್ದದ್ದು ನಿಜ. ಆದರೆ ಅವರಿಗೆ ಮಾಡಿದ್ದು ಪೂರ್ತಿ ಕೀಲು ಬದಲಿಸುವ ಆಪರೇಷನ್ ಅಲ್ಲ, ಗುಂಡನ್ನು ಉಳಿಸಿಕೊಂಡು ಅದರ ಮೇಲೆ ಲೋಹದ ಟೊಪ್ಪಿ ಹಾಕುವ ಬೇರೆ ವಿಧಾನ. ಅವರ ಸುತ್ತ ದಿನವಿಡೀ ತಜ್ಞರಿದ್ದರು. ಅವರಿಂದ ಕಲಿಯಬೇಕಾದದ್ದು ಎಂಟೊಂಬತ್ತು ತಿಂಗಳ ತಾಳ್ಮೆಯ ಅಭ್ಯಾಸವನ್ನು.

ನಮಾಝ್ ಮತ್ತು ವುಝೂ

ಗ್ಯಾರೇಜಿನ ಸಹೋದರರ ಮನಸ್ಸಿನಲ್ಲಿದ್ದ ದೊಡ್ಡ ಸಂಕಟ ಜಿಮ್ ಆಗಿರಲಿಲ್ಲ. "ಕುರ್ಚಿಯ ಮೇಲೆ ಕೂತು ನಮಾಝ್ ಮಾಡಿದರೆ ಮುದುಕನಾದೆ ಅನ್ನಿಸುತ್ತದೆ ಹಝ್ರತ್" ಎಂದರು. ಇದು ಹಲವರ ಮಾತು. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡುವ ರಿಯಾಯಿತಿಯನ್ನು ನಮ್ಮ ದೀನ್ ಕೊಟ್ಟಿದೆ. ಅದನ್ನು ಬಳಸುವುದು ದೌರ್ಬಲ್ಯವಲ್ಲ. ಕೊಟ್ಟ ರಿಯಾಯಿತಿಯನ್ನು ಹಠದಿಂದ ತಳ್ಳಿ, ಕೀಲು ಜಾರಿಸಿಕೊಂಡು, ಮತ್ತೆ ತಿಂಗಳುಗಟ್ಟಲೆ ಮಲಗುವುದರಲ್ಲಿ ಯಾವ ತಖ್ವಾ ಇದೆ?

ಕುರ್ಚಿ ಗಟ್ಟಿಯಾಗಿರಲಿ, ಜಾರದಿರಲಿ, ಕುಳಿತಾಗ ಮಂಡಿ ಸೊಂಟಕ್ಕಿಂತ ಕೆಳಗಿರುವಷ್ಟು ಎತ್ತರವಿರಲಿ. ರುಕೂಗೆ ತಲೆಯನ್ನು ಸ್ವಲ್ಪ, ಸುಜೂದ್‌ಗೆ ಅದಕ್ಕಿಂತ ಸ್ವಲ್ಪ ಹೆಚ್ಚು ತಗ್ಗಿಸಿದರೆ ಸಾಕು. ಇಡೀ ಮೈಯನ್ನು ಮುಂದಕ್ಕೆ ಬಗ್ಗಿಸಬೇಡಿ, ಆ ಬೆಂಚಿನ ಮೇಲೆ ಆದ ತಪ್ಪು ಇಲ್ಲೂ ಆಗಬಹುದು. ನಿಲ್ಲಲು ಶಕ್ತಿಯಿರುವವರು ಎಷ್ಟು ಹೊತ್ತು ನಿಲ್ಲಬೇಕು ಎಂಬಂಥ ಸೂಕ್ಷ್ಮ ವಿಷಯಗಳನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ.

ಮುಂದೆ ನೆಲದ ಮೇಲೆ ಸುಜೂದ್ ಸಾಧ್ಯವೇ? ಹಲವರಿಗೆ ಸರ್ಜನ್ ಅನುಮತಿ ಕೊಡುತ್ತಾರೆ, ಕೆಲವರಿಗೆ ಕೊಡುವುದಿಲ್ಲ. ಅನುಮತಿ ಸಿಕ್ಕವರು ಇದನ್ನೂ ಒಂದು ವ್ಯಾಯಾಮದಂತೆ ಫಿಸಿಯೋಥೆರಪಿಸ್ಟರ ಮುಂದೆ ಕಲಿಯಬೇಕು. ಸಾಮಾನ್ಯವಾಗಿ, ಪಕ್ಕದಲ್ಲಿ ಗಟ್ಟಿ ಕುರ್ಚಿ ಹಿಡಿದು, ಆಪರೇಷನ್ ಆದ ಕಾಲಿನ ಮಂಡಿಯನ್ನು ಮೊದಲು ನೆಲಕ್ಕೆ ಊರಿಸುತ್ತಾರೆ. ಏಳುವಾಗ ಒಳ್ಳೆಯ ಕಾಲಿನ ಪಾದವನ್ನು ಮುಂದಿಟ್ಟು ಅದರ ಬಲದಿಂದ ಏಳಿಸುತ್ತಾರೆ. ಹೀಗೆ ಮಾಡಿದರೆ ಹೊಸ ಕೀಲು ಹೆಚ್ಚು ಬಾಗುವುದಿಲ್ಲ. ಕಾಲು ಮಡಚಿ ಕೂರುವ ಭಂಗಿಯನ್ನು ಕೇಳದೆ ಪ್ರಯತ್ನಿಸಬೇಡಿ.

ವುಝೂ ಮಾಡುವಾಗ ಕಾಲನ್ನು ಎತ್ತಿ ಬೇಸಿನ್‌ನೊಳಗೆ ಇಡುವ ಅಭ್ಯಾಸ ಮೊದಲ ತಿಂಗಳುಗಳಲ್ಲಿ ಬಿಡಲೇಬೇಕು. ಎತ್ತರದ ಸ್ಟೂಲಿನ ಮೇಲೆ ಕೂತು, ಮಗನೋ ಹೆಂಡತಿಯೋ ನೀರು ಹಾಕಿ ಪಾದ ತೊಳೆದುಕೊಡಲಿ. ಮಸೀದಿ ಕಮಿಟಿಯವರಲ್ಲಿ ಒಂದು ವಿನಂತಿ: ಹೌಝ್‌ನ ಬಳಿ ಜಾರದ ಮ್ಯಾಟ್, ಗೋಡೆಗೆ ಒಂದು ಹಿಡಿಕೆ, ಎತ್ತರದ ಎರಡು ಸ್ಟೂಲ್, ಸಫ್‌ನ ತುದಿಯಲ್ಲಿ ಎರಡು ಗಟ್ಟಿ ಕುರ್ಚಿ. ನಮ್ಮ ಮಸೀದಿಯಲ್ಲಿ ಇದನ್ನು ಮಾಡಿದ್ದೇವೆ. ಅಷ್ಟೇನೂ ಖರ್ಚಾಗಲಿಲ್ಲ. ಮನೆಯಲ್ಲೇ ಉಳಿದಿದ್ದ ನಾಲ್ಕು ಹಿರಿಯರು ಜಮಾಅತ್‌ಗೆ ಮರಳಿದರು.

ಮನೆಯವರಿಗೆ ಒಂದು ಮಾತು

ಖಿದ್ಮತ್ ಎಂದರೆ ಎಲ್ಲವನ್ನೂ ನಾವೇ ಮಾಡಿಕೊಡುವುದಲ್ಲ ಎಂದು ನಾನು ತಡವಾಗಿ ಕಲಿತೆ. ಅಮ್ಮಿಯ ನೀರಿನ ಚೊಂಬನ್ನು ಮಂಚದ ಬಳಿಯಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆವು. ನೀರು ಬೇಕಾದರೆ ವಾಕರ್ ಹಿಡಿದು ಅವರೇ ಬರಬೇಕು, ಹಿಂದೆ ಒಬ್ಬರು ನಡೆಯುತ್ತೇವೆ. ಮೊದಲ ದಿನ ನನಗೆ ಮನಸ್ಸು ಚುಚ್ಚಿತು. ತಂಗಿ ಅತ್ತಳು. ಎರಡು ತಿಂಗಳಲ್ಲಿ ಅಮ್ಮಿ ಕೋಲು ಹಿಡಿದು ಅಂಗಳಕ್ಕೆ ಬಂದರು. ಈಗ ಪಕ್ಕದ ಮನೆಯ ಖಾಲಾ ಅವರನ್ನು ನೋಡಲು ತಾವೇ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಜಿಮ್ ದೂರವಿರಬಹುದು. ಅಡುಗೆಮನೆಯ ಕಟ್ಟೆ, ಎತ್ತರದ ಕುರ್ಚಿ, ಒಂದು ರಬ್ಬರ್ ಪಟ್ಟಿ ಇದ್ದರೆ ಮನೆಯಲ್ಲೇ ಆರಂಭಿಸಬಹುದು. ಗಂಡಸರ ಫಿಸಿಯೋಥೆರಪಿಗೆ ಹಣ ಹೊಂದಿಸುವ ಮನೆಗಳು ಅಮ್ಮಂದಿರ ವಿಷಯದಲ್ಲಿ "ಅವರಿಗೇನು, ಮನೆಯಲ್ಲೇ ಇರ್ತಾರೆ" ಎಂದುಕೊಳ್ಳುವುದು ಅನ್ಯಾಯ.

ಈ ಸೂಚನೆಗಳನ್ನು ಎಲ್ಲರೂ ತಿಳಿದಿರಲಿ. ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಟಕ್ ಎಂದು ಶಬ್ದವಾಗಿ ಕಾಲು ಗಿಡ್ಡವಾದಂತೆ, ತಿರುಚಿದಂತೆ ಕಂಡರೆ ಎಳೆಯಬೇಡಿ, ತಿಕ್ಕಬೇಡಿ, ಮೂಳೆ ಕೂರಿಸುವವರ ಬಳಿ ಒಯ್ಯಬೇಡಿ. ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯ ಕೆಂಪಾಗಿ ಸೋರಿದರೆ, ಜ್ವರ ಬಂದರೆ ತಡ ಮಾಡಬೇಡಿ. ವರ್ಷಗಳ ನಂತರ ಎದ್ದು ನಡೆಯಲು ಆರಂಭಿಸಿದ ಕೂಡಲೇ ತೊಡೆಯಲ್ಲಿ ಹೊಸ ನೋವು ಬರತೊಡಗಿದರೆ ಕೀಲು ಸಡಿಲವಾಗಿರಬಹುದು, ತೋರಿಸಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಹಲ್ಲಿನ ಅಥವಾ ಚರ್ಮದ ಸೋಂಕನ್ನು ಕಡೆಗಣಿಸಬೇಡಿ, ಅದು ರಕ್ತದ ಮೂಲಕ ಹೊಸ ಕೀಲನ್ನು ತಲುಪಬಹುದು. ಹಲ್ಲಿನ ಡಾಕ್ಟರ್‌ಗೆ ನಿಮ್ಮ ಕೀಲಿನ ವಿಷಯ ಮೊದಲೇ ಹೇಳಿ.

ಗ್ಯಾರೇಜಿನ ಸಹೋದರರು ಈಗ ಚೆನ್ನಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಎರಡನೇ ಸಲ ಅವರು ಸರ್ಜನ್ ಹೇಳುವವರೆಗೆ ಕಾದರು. ಇಂದು ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತಾರೆ. ಉಳಿದವರು ನೂರು ಕಿಲೋ ಎತ್ತುವಾಗ ಅವರು ಸೈಕಲ್ ತುಳಿಯುತ್ತಾರೆ. ಉಮ್ರಾಕ್ಕೆ ಹೋಗಿ ತಮ್ಮ ಕಾಲಿನಲ್ಲೇ ಸಈ ಮಾಡಬೇಕೆಂಬುದು ಅವರ ಆಸೆ. ಸಫಾ ಮರ್ವಾ ನಡುವಿನ ಏಳು ಸುತ್ತು ಸೇರಿ ಮೂರು ಕಿಲೋಮೀಟರ್‌ಗಿಂತ ಹೆಚ್ಚು. ಈಗ ಅವರು ಪ್ರತಿದಿನ ಅಸರ್‌ನ ನಂತರ ಎರಡು ಕಿಲೋಮೀಟರ್ ನಡೆಯುತ್ತಾರೆ. ಮೂರಕ್ಕೆ ಬಂದ ಮೇಲೆ ಟಿಕೆಟ್ ಮಾಡಿಸುತ್ತಾರಂತೆ.

ಅಂದು ಮಿಂಬರಿನ ಮೇಲೆ ಅರ್ಧಕ್ಕೆ ಬಿಟ್ಟ ಮಾತನ್ನು ಇಂದು ಪೂರ್ತಿ ಮಾಡುತ್ತೇನೆ. ಶರೀರ ಅಮಾನತ್ ಆಗಿದೆ. ಅಮಾನತ್ತನ್ನು ಬಳಸದೆ ತುಕ್ಕು ಹಿಡಿಸುವುದೂ ತಪ್ಪು, ಅವಸರದಿಂದ ಮುರಿಯುವುದೂ ತಪ್ಪು. ಸಬ್ರ್ ಎಂದರೆ ಸುಮ್ಮನೆ ಕೂರುವುದಲ್ಲ. ಇಂದು ಎಷ್ಟು ಹೆಜ್ಜೆ ಅನುಮತಿಯಿದೆಯೋ ಅಷ್ಟನ್ನು ತಪ್ಪದೆ ಇಟ್ಟು, ಮುಂದಿನದಕ್ಕೆ ಕಾಯುವುದು. ಹಾಸಿಗೆ ಹಿಡಿದ ನಮ್ಮ ಎಲ್ಲ ಹಿರಿಯರಿಗೂ ಸಹೋದರ ಸಹೋದರಿಯರಿಗೂ ಅಲ್ಲಾಹನು ಶಿಫಾ ನೀಡಲಿ, ಅವರ ಸೇವೆಯಲ್ಲಿರುವವರಿಗೆ ತಿಳುವಳಿಕೆ ನೀಡಲಿ. ಆಮೀನ್.